ಖಾಲಿ ಲಾಳಿಯ ಸಪ್ಪಳ

ಅಣ್ಣಾ,

"ಇತ್ತ ನಾನು ಕ್ಷೇಮ" ಎಂದು ಬಾಗಲಕೋಟೆಯಿಂದ ಇಳಕಲ್ಲಿಗೆ ನಾನು ನಿನಗೆ ಬರೆದ ಕಾರ್ಡುಗಳು ಎಷ್ಟೋ. ನಿನಗೆ ಓದಲು ಬರುತ್ತಿರಲಿಲ್ಲ. ಓಣಿಯಲ್ಲಿ ಯಾರನ್ನಾದರೂ ಹಿಡಿದು ನೀನು ಓದಿಸುತ್ತಿದ್ದೆ. ಅವರು ಆ ಒಂದು ಸಾಲು ಮುಗಿಸುವಷ್ಟರಲ್ಲಿ, "ಸಾಕ್ ಬಿಡ್ರಿ, ಹುಡುಗ ನೆಟ್ಟಗದಾನ" ಎಂದು ಕಾರ್ಡು ಕಸಿದುಕೊಂಡು ಜಂತಿಯ ಸಂದಿಗೆ ಸಿಗಿಸಿಬಿಡುತ್ತಿದ್ದೆಯಂತೆ. ಕೆಳಗೆ ನಾನು ಕಷ್ಟಪಟ್ಟು ಬರೆದ ಹತ್ತು ಸಾಲು ಅಲ್ಲಿಯೇ ಹೊಗೆ ಹಿಡಿದು ಕಪ್ಪಾಗುತ್ತಿದ್ದವು. ನಿನ್ನ ಹೆಂಡತಿ, ಅಂದರೆ ನನ್ನ ವೈನಿ, ಇದನ್ನು ಹೇಳಿದಾಗ ನನಗೆ ಎಂಥ ಸಿಟ್ಟು ಬಂದಿತ್ತು! ಈಗ ನೀನು ಹೋಗಿ ಎರಡು ವರ್ಷ ಮುಗಿಯಿತು. ಕಾಗದ ಕಸಿದುಕೊಳ್ಳಲು ನೀನಿಲ್ಲ. ಪೂರ್ತಿ ಬರೆಯುತ್ತೇನೆ, ಪೂರ್ತಿ ಕೇಳು. ಮೊದಲೇ ಹೇಳುತ್ತೇನೆ, ಈ ಸಲ ಕ್ಷೇಮದ ಸಾಲು ಇಲ್ಲ. ಹೋದ ವರ್ಷವೆಲ್ಲ ನಾನು ಕ್ಷೇಮವಾಗಿರಲಿಲ್ಲ. ನಿನ್ನ ಕಡೆಯ ಆರು ತಿಂಗಳು ನೀನೂ ಕ್ಷೇಮವಾಗಿರಲಿಲ್ಲ. ಅದು ಯಾರಿಗೆ ತಿಳಿಯಬೇಕಾಗಿತ್ತೋ ಅವನಿಗೆ, ಅಂದರೆ ಓದಿದ ತಮ್ಮನಿಗೆ, ತಿಳಿಯಲಿಲ್ಲ.

ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದಾಗ ನೀನು ನನ್ನನ್ನು ಬಾದಾಮಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇ? ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿ ಓದಿಸಿದವನು ನೀನು. ನಮ್ಮ ಮನೆತನದಲ್ಲಿ ಮಗ್ಗದ ಕುಣಿಗೆ ಇಳಿಯದೆ ಸಾಲಿ ಮಾಸ್ತರನಾಗಲು ಹೊರಟವನು ನಾನೊಬ್ಬನೇ. ಗುಡ್ಡದ ಗವಿಯೊಳಗೆ ಬಂದವರೆಲ್ಲ ಮೂರ್ತಿಗೆ ಕೈಮುಗಿಯುತ್ತಿದ್ದರೆ ನೀನು ಮೂರ್ತಿಯ ಸೊಂಟದ ಬಟ್ಟೆ ನೋಡುತ್ತ ನಿಂತುಬಿಟ್ಟೆ. "ಲೇ ಬಸ್ಯಾ, ಇಲ್ಲಿ ನೋಡಲೇ! ಕಲ್ಲಾಗ ನಿರಿಗಿ ಹಿಡದಾನ ಮಗಾ. ಅಂಚು ನೋಡು ಅಂಚು. ನನ್ನ ಕಡೆ ಕೆಲಸಕ್ಕ ಬಂದಿದ್ರ ಬಂಗಾರದಂಥ ನೇಕಾರ ಆಗ್ತಿದ್ದ" ಎಂದು ನೀನು ಕೂಗಿದ್ದಕ್ಕೆ ಅಲ್ಲಿದ್ದ ಪರಸ್ಥಳದವರೆಲ್ಲ ತಿರುಗಿ ನೋಡಿದರು. ನನಗೋ ನಾಚಿಕೆ. ತಿರುಗಿ ಬರುವಾಗ ರೈಲಿನಲ್ಲಿ ಎದುರಿಗೆ ಕೂತ ಗೊತ್ತಿಲ್ಲದ ಮುದುಕನಿಗೂ ನೀನು ಆ ಅಂಚಿನ ವರ್ಣನೆ ಮಾಡಿದೆ. ಅಷ್ಟು ಮಾತಿನ ಮನುಷ್ಯ ನೀನು. ಹಾಗಿದ್ದವನು ಮಾತು ನಿಲ್ಲಿಸಿದಾಗ ನಮಗೆ ಏಕೆ ಅನುಮಾನ ಬರಲಿಲ್ಲ?

ನಾನು ಚಿಕ್ಕವನಿದ್ದಾಗ ನಿನಗೆ ಒಮ್ಮೆ ಚಳಿಜ್ವರ ಬಂದು ಮಗ್ಗ ಅರ್ಧ ದಿನ ನಿಂತಿತ್ತು. ಮಧ್ಯಾಹ್ನದೊಳಗೆ ಓಣಿಯ ನಾಲ್ಕು ಜನ ಬಾಗಿಲಿಗೆ ಬಂದರು. "ಏನೋ ಈರಣ್ಣ, ಮಗ್ಗ ಯಾಕ ಸುಮ್ಮಗೈತಿ? ಮೈಯಾಗ ಆರಾಮಿಲ್ಲೇನು?" ಒಬ್ಬರು ಕಷಾಯ ತಂದರು, ಒಬ್ಬರು ಗಂಜಿ ತಂದರು. ನಮ್ಮ ಇಳಕಲ್ಲಿನ ರೀತಿಯೇ ಹಾಗಲ್ಲವೇ? ಯಾರೂ ಯಾರ ಮುಖ ನೋಡಿ ಆರೋಗ್ಯ ತಿಳಿಯುವುದಿಲ್ಲ. ಗೋಡೆಯಾಚೆಯ ಮಗ್ಗದ ಸಪ್ಪಳ ಕೇಳುತ್ತಾರೆ. ನಿಂತಿತೋ, ಓಡಿ ಬರುತ್ತಾರೆ. ನಡೆಯುತ್ತಿದೆಯೋ, ಆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಒಳ್ಳೆಯ ಜನ, ಕೆಟ್ಟವರಲ್ಲ. ಆದರೆ ನಾವೆಲ್ಲ ತಪ್ಪಿದ್ದು ಅಲ್ಲಿಯೇ.

ಒಂದು ಶನಿವಾರ ವೈನಿ ತುಳಸಿಗೇರಿ ಹಣಮಪ್ಪನ ಗುಡಿಗೆ ಹೋಗಿಬರುತ್ತೇನೆಂದು ನಿನಗೆ ಹೇಳಿ ಬಸ್ಸು ಹತ್ತಿದ್ದಳಲ್ಲ? ಅವಳು ಮೊದಲು ಇಳಿದದ್ದು ಬಾಗಲಕೋಟೆಯಲ್ಲಿ. ಇದು ನಿನಗೆ ಗೊತ್ತಿಲ್ಲದ ಮಾತು. ಸಾಲಿ ಬಿಡುವ ಹೊತ್ತಿಗೆ ನೋಡುತ್ತೇನೆ, ಬೇವಿನ ಗಿಡದ ಕೆಳಗೆ ಕೈಚೀಲ ಹಿಡಿದು ನಿಂತಿದ್ದಾಳೆ. ಇಪ್ಪತ್ತು ವರ್ಷದಲ್ಲಿ ಒಂಟಿಯಾಗಿ ಹುನಗುಂದ ದಾಟಿದವಳಲ್ಲ. ಓಡುತ್ತ ಹೋದೆ.

"ನಿಮ್ಮಣ್ಣಾರು ನೆಟ್ಟಗಿಲ್ಲ, ತಮ್ಮಾ" ಎಂದಳು.

"ಜ್ವರೇನು?"

"ಜ್ವರಿಲ್ಲ, ನೆಗಡಿಲ್ಲ. ರೊಟ್ಟಿ ಮುರದು ಮುರದು ತಾಟಿನ್ಯಾಗ ಬಿಡ್ತಾರ. ಮಾತಿಲ್ಲ, ಜಗಳಿಲ್ಲ. ನಸಿಕಿನ್ಯಾಗ ಎದ್ದು ಗ್ವಾಡಿ ನೋಡ್ಕೋತ ಕುಂದರ್ತಾರ. ಕೇಳಿದ್ರ, ನಾ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ ಅಂತಾರ. ನಾ ಸುತ್ತಿಟ್ಟ ಕಂಡಿಕಿ ಬುಟ್ಟ್ಯಾಗ ಹಂಗ ಉಳಿಯಾಕತ್ತಾವ."

"ಮಗ್ಗ ನಡೀತೈತೋ ಇಲ್ಲೋ?"

"ನಡೀತೈತಿ."

"ಮತ್ತ? ದಿನಾ ದುಡಿಯೋ ಮನಶಾಗ ಏನ್ ಆಗೇತಿ ವೈನಿ? ನಿನಗೂ ನಿನ್ನ ಓಣಿ ಹೆಂಗಸರಿಗೂ ಬ್ಯಾರೆ ಕೆಲಸಿಲ್ಲ."

ನನ್ನ ನಾಲಿಗೆ ನಿನಗೆ ಗೊತ್ತಲ್ಲ. ಸಿಡುಕ ಮಾಸ್ತರ ಎಂದು ಸಾಲಿಯಲ್ಲಿ ಹೆಸರು ಬಂದದ್ದು ಸುಮ್ಮನೆಯೇ? ಅವಳು ಕೈಚೀಲದಿಂದ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿ ತೆಗೆದು ನನ್ನ ಕೈಗಿಟ್ಟು, ನಿನಗೆ ಹೇಳಿದ ಮಾತು ಸುಳ್ಳಾಗಬಾರದೆಂದು ತುಳಸಿಗೇರಿಗೂ ಹೋಗಿ ಸಂಜೆಗೆ ಊರು ಸೇರಿದಳಂತೆ. ಅಣ್ಣಾ, ನಾನು ನೇಕಾರನ ಮಗ. ಅಡ್ಡನೂಲು ಸುತ್ತಿ ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆಯೇ ಕಂಡಿಕೆ, ಅದಿಲ್ಲದೆ ಒಂದೆಳೆಯೂ ನೇಯಲಾಗದು ಎಂದು ಹಾಲು ಕುಡಿಯುವಾಗಿನಿಂದ ಬಲ್ಲವನು. ಕಂಡಿಕೆ ಉಳಿಯುತ್ತವೆ, ಮಗ್ಗ ನಡೆಯುತ್ತದೆ ಎಂದರೆ ಅದರ ಅರ್ಥವೇನೆಂದು ನನ್ನ ತಲೆಗೆ ಹೊಳೆಯಬೇಡವೇ? ಮಕ್ಕಳು ಲೆಕ್ಕ ತಪ್ಪಿದರೆ ಕಿವಿ ಹಿಂಡುತ್ತೇನೆ. ನನ್ನ ಕಿವಿಯನ್ನು ಯಾರು ಹಿಂಡಬೇಕಿತ್ತು?

ಮರುವಾರ ಮನಸ್ಸು ತಡೆಯದೆ ನಾನು ಇಳಕಲ್ಲಿಗೆ ಬಂದೆ. ನೀನು ಅದನ್ನು ಬರಿಯ ಭೆಟ್ಟಿ ಎಂದುಕೊಂಡೆ. ಓಣಿಯ ತಿರುವಿನಲ್ಲಿ ಕಾಲಿಡುತ್ತಲೇ ನಿನ್ನ ಮಗ್ಗದ ಸಪ್ಪಳ ಕೇಳಿಸಿತು, ಖಟ್ ಖಟ್ ಖಟ್ ಖಟ್. ಅಬ್ಬಾ, ನನ್ನ ಜೀವ ತಣ್ಣಗಾಯಿತು. ಒಳಗೆ ಬಂದಾಗ ನೀನು ಕುಣಿಯಲ್ಲಿ ಕೂತಿದ್ದೆ. ಗಡ್ಡ ಬೆಳೆದಿತ್ತು. "ಬಂದೇನಪಾ" ಎಂದಷ್ಟೇ ಅಂದೆ. ಲೇ ಅನ್ನಲಿಲ್ಲ, ಬಸ್ಯಾ ಅನ್ನಲಿಲ್ಲ. ಬಾಗಲಕೋಟೆಯ ನೀರು ಕುಡಿದು ಬೆಳ್ಳಗಾಗೀಯಲ್ಲ ಎಂದು ಚೇಷ್ಟೆ ಮಾಡಲಿಲ್ಲ. ನಾನು ಚಹಾ ಕುಡಿದೆ, ಗಡ್ಡದ ಬಗ್ಗೆ ನಗೆಯಾಡಿದೆ, ವೈನಿಯ ಕಡೆ "ನೋಡಿದೆಯಾ?" ಎಂಬಂತೆ ಒಂದು ನೋಟ ಬೀರಿದೆ. ಸಂಜೆಯ ಬಸ್ಸಿಗೇ ಹಿಂದಿರುಗಿದೆ. ಎರಡು ಹೆಜ್ಜೆ ಮುಂದೆ ಬಂದು ನಿನ್ನ ಮುಂದಿನ ಬಟ್ಟೆಯನ್ನು ಬಗ್ಗಿ ನೋಡಿದ್ದರೆ... ನಿನ್ನ ಹೆಗಲ ಮೇಲೆ ಕೈಯಿಟ್ಟು, "ಅಣ್ಣಾ, ಏನಾಗೇತಿ ಹೇಳು" ಎಂದು ಒಂದೇ ಒಂದು ಸಲ...

ಆಷಾಢದಲ್ಲಿ ನಿನಗೆ ಖರೆಯ ಜ್ವರವೇ ಬಂತು. ಆರು ತಿಂಗಳಿಂದ ಸರಿಯಾಗಿ ಉಣ್ಣದ ಮೈ ಎಷ್ಟು ತಡೆದೀತು? ನಾಲ್ಕು ದಿನ. ತಂತಿ ಸಿಕ್ಕಿ ನಾನು ಓಡಿ ಬರುವಷ್ಟರಲ್ಲಿ ಮಗ್ಗ ನಿಂತಿತ್ತು, ಓಣಿಯವರೆಲ್ಲ ನಮ್ಮ ಬಾಗಿಲಲ್ಲಿ ನೆರೆದಿದ್ದರು. ನಿನ್ನ ಕಾರ್ಯಗಳೆಲ್ಲ ಮುಗಿದ ಮೇಲೆ ವೈನಿ ನನ್ನನ್ನು ಮಗ್ಗದ ಬಳಿಗೆ ಕರೆದು ಲಾಳಿಯನ್ನು ನನ್ನ ಅಂಗೈಯಲ್ಲಿ ಇಟ್ಟಳು. ಒಳಗೆ ಕಂಡಿಕೆ ಇರಲಿಲ್ಲ. ನೇಯ್ದ ಬಟ್ಟೆ ಎಲ್ಲಿಗೆ ನಿಂತಿತ್ತೋ ಅಲ್ಲಿ ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಒಂದೇ ಜಾಗಕ್ಕೆ ಬಡಿದು ಬಡಿದು ಎಳೆಗಳು ಕೂದಲಿನಂತೆ ಎದ್ದಿದ್ದವು. "ಎಷ್ಟ್ ದಿನಾ ಹಿಂಗ ಬರೇ ಲಾಳಿ ಹೊಡದಾರೋ ನನಗೂ ಗೊತ್ತಿಲ್ಲ, ತಮ್ಮಾ. ಸಪ್ಪಳ ನಿಂತ್ರ ಮಂದಿ ಬಂದು ಕೇಳ್ತಾರಂತ ಹೊಡದಾರ" ಎಂದಳು. ಕೈಕಾಲಿಗೆ ಬಲವಿದ್ದರೂ ನೇಯಲು ಮನಸ್ಸಿಲ್ಲದೆ, ಯಾರಿಗೂ ಹೇಳಲೂ ಆಗದೆ, ನಮ್ಮ ಕಿವಿಗಳಿಗೋಸ್ಕರ ನೀನು ಆ ಖಾಲಿ ಲಾಳಿಯನ್ನು ಅತ್ತಿಂದಿತ್ತ ಓಡಿಸುತ್ತ ಕೂತಿದ್ದೆಯಾ? ಅಷ್ಟು ಜನರ ನಡುವೆ ಎಷ್ಟು ಒಂಟಿಯಾಗಿದ್ದೆಯೋ ಅಣ್ಣ ನೀನು!

ಅದೇ ದಿನ, ಆ ಲಾಳಿ ಕೈಯಲ್ಲಿರುವಾಗಲೇ, ನಾನು ಎರಡನೆಯ ತಪ್ಪು ಮಾಡಿದೆ. "ವೈನಿ, ಜ್ವರ ಬಂದು ಸತ್ತ ಅಂತ ಹೇಳೂಣು. ಇದೆಲ್ಲಾ ಯಾರ ಮುಂದೂ ಬ್ಯಾಡ. ತೆಲಿ ಕೆಟ್ಟಿತ್ತು ಅಂತಾರ. ನಾಳೆ ಶಾಂತಾಗ ಲಗ್ನ ಆಗಬೇಕು" ಎಂದೆ. ನಿನ್ನ ಮಗಳು ಶಾಂತಾ ಆಗ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ವೈನಿ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಗಲಿ ಎಂದು ತಲೆಯಾಡಿಸಿದಳು. ಅಂದಿನಿಂದ ಕೇಳಿದವರಿಗೆಲ್ಲ ನಾವು ಹೇಳಿದ್ದು ಒಂದೇ ಮಾತು, ಜ್ವರ. ನಾನಂತೂ ಎಷ್ಟು ಸಲ ಹೇಳಿದೆನೆಂದರೆ ಕಡೆಗೆ ನಾನೇ ನಂಬತೊಡಗಿದೆ.

ನೀನು ಹೋದ ನಾಲ್ಕೇ ತಿಂಗಳಿಗೆ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಕನ್ನಡದವರೆಲ್ಲ ಒಂದಾದರು. ಈ ದಿನಕ್ಕಾಗಿ ನಾನು ಎಷ್ಟು ಭಾಷಣ ಬಿಗಿದಿದ್ದೆ, ಮರಾಠಿ ಅಧಿಕಾರಿಗಳ ಜೊತೆ ಎಷ್ಟು ಜಗಳವಾಡಿದ್ದೆ ಎಂದು ನಿನಗೆ ಗೊತ್ತು. ಅಂದು ಸಾಲಿಯಲ್ಲಿ ಹೆಡ್‌ಮಾಸ್ತರರು ಪೇಢೆ ಹಂಚಿದರು, ಮಕ್ಕಳು ಕುಣಿದರು. ನಾನು ಪೇಢೆಯನ್ನು ಬಾಯಿಗೆ ಹಾಕಿಕೊಂಡು ಅಗಿದೆ. ಏನೂ ಅನ್ನಿಸಲಿಲ್ಲ. ಸೂತಕದ ದುಃಖ, ಸರಿಹೋಗುತ್ತದೆ ಎಂದುಕೊಂಡೆ. ದುಃಖವಾದರೆ ಅಳುವಾದರೂ ಬರಬೇಕಲ್ಲ? ಅದೂ ಬರಲಿಲ್ಲ. ದಿನಗಳು ಹೋದಂತೆ ಬೆಳಗಿನ ಜಾವದಲ್ಲೇ ಎಚ್ಚರವಾಗತೊಡಗಿತು. ಎದ್ದು ಬಾಡಿಗೆ ಕೋಣೆಯ ಗೋಡೆ ನೋಡುತ್ತ ಕೂರುವುದು. ಸ್ನಾನ ಮಾಡುವುದೂ ಒಂದು ಗುಡ್ಡ ಹತ್ತುವ ಕೆಲಸದಂತೆ ಅನ್ನಿಸುವುದು. ಮಕ್ಕಳ ಪಾಟಿಯ ಮೇಲೆ ಏನಿದೆ ಎಂದು ಓದದೆಯೇ ಸರಿ ಗುರುತು ಹಾಕುವುದು. ಘಟಪ್ರಭೆಯ ದಂಡೆಗೆ ತಿರುಗಾಡಲು ಹೋಗುವುದನ್ನು ಬಿಟ್ಟೆ. ಗೆಳೆಯರು ಕರೆದರೆ ತಲೆನೋವು ಎಂದೆ. ಅವರೂ ಕರೆಯುವುದನ್ನು ಬಿಟ್ಟರು.

ಹೆಡ್‌ಮಾಸ್ತರರು ಒಂದು ದಿನ ಎಲ್ಲರ ಎದುರು ನನ್ನನ್ನು ಹೊಗಳಿದರು. "ಬಸಪ್ಪ ಮಾಸ್ತರರು ಈಗ ಭಾಳ ಶಾಂತ ಆಗ್ಯಾರ್ರಿ. ವರ್ಷಾತು, ಒಂದು ಹುಡುಗಗೂ ಬೈದಿಲ್ಲ." ಉಳಿದ ಮಾಸ್ತರರು ನಕ್ಕರು. ಮಕ್ಕಳಿಗಂತೂ ಹಬ್ಬ. ನನ್ನ ಸಿಟ್ಟು ಎಲ್ಲಿ ಹೋಯಿತೆಂದು ಒಬ್ಬರೂ ಕೇಳಲಿಲ್ಲ. ಯಾಕೆ ಕೇಳಬೇಕು? ಗಂಟೆ ಹೊಡೆದ ಕೂಡಲೇ ತರಗತಿಗೆ ಹೋಗುತ್ತಿದ್ದೆ, ಪಾಠದ ಧ್ವನಿ ಹೊರಗೆ ಕೇಳಿಸುತ್ತಿತ್ತು. ಅಷ್ಟು ಸಾಕಲ್ಲ ಜನರಿಗೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ಒಂದು ಹುಳುವಿನ ಜೊತೆಗೂ ಮಾತಿಲ್ಲ. ನಾನು ಲಗ್ನವಾಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತೀಯಾ? ನಿನಗೆ ಹೆಂಡತಿ ಇದ್ದಳಲ್ಲ, ಏನಾಯಿತು? ಇದ್ದವಳ ಮಾತನ್ನು ಕೇಳುವವರು ಬೇಕು.

ಹೋಳಿಹುಣ್ಣಿಮೆ ಮುಗಿದ ವಾರ ವೈನಿ ಬಂದಳು. ನಾಲ್ಕು ತಿಂಗಳಿಂದ ನನ್ನ ಕಾರ್ಡು ಇರಲಿಲ್ಲವಲ್ಲ, ಅದಕ್ಕೆ. ಈ ಸಲ ಹಣಮಪ್ಪನ ನೆವ ಹೇಳಲು ಮನೆಯಲ್ಲಿ ಯಾರಿದ್ದರು? ಶಾಂತಾಳನ್ನು ನೆರೆಮನೆಯಲ್ಲಿ ಬಿಟ್ಟು ಬಂದಿದ್ದಳು. ಕೋಣೆಯ ಕಸ ಗುಡಿಸಿದಳು, ಒಲೆ ಹೊತ್ತಿಸಿ ಅಡಿಗೆ ಮಾಡಿದಳು. ನಾನು ಉಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು. ಮರುದಿನ ಬೆಳಗ್ಗೆಯೂ ಬಡಿಸಿದಳು, ಉಂಡೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಾಳೆ.

"ಏನಾತು ವೈನಿ?"

"ನಿನ್ನೆ ಸಾರಿಗೆ ಉಪ್ಪು ಮರತಿದ್ದೆ. ನೀ ಏನೂ ಅನ್ನಲಿಲ್ಲ. ಖರೆ ಏನಂತ ನೋಡೂಣು ಅಂತ ಇವತ್ತ ಬೇಕಂತ ಉಪ್ಪ ಹಾಕಲಿಲ್ಲ. ಸಾರಿಗೂ ಇಲ್ಲ, ಪಲ್ಯಾಕೂ ಇಲ್ಲ. ಅದನ್ನೂ ಉಂಡಿ."

ಒಂದು ಹರಳು ಉಪ್ಪು ಕಡಿಮೆಯಾದರೆ ತಾಟು ಸರಿಸಿ ಏಳುತ್ತಿದ್ದವನು ನಾನು. ನೀನು ಅದಕ್ಕೆ ನನ್ನನ್ನು ಉಪ್ಪಿನ ಸಾಹೇಬ ಎನ್ನುತ್ತಿದ್ದೆ. ಅವಳು ಕಣ್ಣು ಒರೆಸಿಕೊಂಡು ಎದ್ದಳು. "ದವಾಖಾನಿಗೆ ನಡಿ."

"ನನಗೇನಾಗೇತಿ? ಮೈ ನೋಡು, ಗಟ್ಟಿಯಾಗೇತಿ."

"ನಿಮ್ಮಣ್ಣಾರ ಮೈಗೂ ಮೊದಲ ಏನೂ ಆಗಿರಲಿಲ್ಲ."

"ಹುಚ್ಚಂತಾರ ವೈನಿ. ಮಾಸ್ತರಿಕಿ ಹೋಗ್ತೈತಿ. ಹುಚ್ಚ ಮಾಸ್ತರ ಕಡೆ ಯಾರು ಮಕ್ಕಳನ್ನ ಕಳಸ್ತಾರ?"

ಆಗ ಅವಳು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಆವತ್ತ ಸಾಲಿ ಮುಂದ ನಿಂತು ನಾ ಕೇಳಾಕ ಬಂದಿದ್ದೆ, ತಮ್ಮಾ. ನೀ ಬೈದಿ, ನಾ ತಿರುಗಿ ಹೋದೆ. ಇವತ್ತ ಕೇಳಾಕ ಬಂದಿಲ್ಲ. ಚಪ್ಪಲಿ ಮೆಟ್ಟು."

ಮೆಟ್ಟಿದೆ. ಬೇಡವೆನ್ನಲೂ ಶಕ್ತಿ ಬೇಕಲ್ಲ, ಅದೂ ನನ್ನಲ್ಲಿರಲಿಲ್ಲ. ದವಾಖಾನೆಯ ಹೊರಗೆ ನನ್ನ ತರಗತಿಯ ಇಬ್ಬರು ಹುಡುಗರ ತಂದೆಯಂದಿರು ಕಾಣಿಸಿದರು. ನಾನು ಮುಖ ತಿರುಗಿಸಿದೆ. ವೈನಿ ಮಾತ್ರ ನಮಸ್ಕಾರ ಮಾಡಿ, "ಮಾಸ್ತರಿಗೆ ಆರಾಮಿಲ್ಲರಿ" ಎಂದು ತಾನಾಗಿಯೇ ಹೇಳಿಬಿಟ್ಟಳು. ಅವರು "ಅಯ್ಯ ಪಾಪ, ತೋರಸ್ಕೊಳ್ರಿ" ಎಂದರು. ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ಡಾಕ್ಟರು ನಾಡಿ ಹಿಡಿದರು, ನಾಲಿಗೆ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಅದನ್ನೆಲ್ಲ ಬದಿಗಿಟ್ಟು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ನಿದ್ದೆ ಎಷ್ಟಕ್ಕೆ ಮುರಿಯುತ್ತದೆ? ಮೊದಲು ಯಾವುದರಲ್ಲಿ ಖುಷಿ ಇತ್ತು, ಈಗ ಇದೆಯೇ? ಯಾರ ಜೊತೆಯಾದರೂ ಮಾತನಾಡಬೇಕು ಅನ್ನಿಸುತ್ತದೆಯೇ? ಒಂದೊಂದಾಗಿ ಕೇಳಿದರು. ಕಡೆಗೆ ದನಿ ತಗ್ಗಿಸಿ, "ಇರೂದ ಬ್ಯಾಡ ಅಂತ ಅನಸ್ತೈತೇನ್ರಿ ಮಾಸ್ತರ?" ಎಂದರು. ನಾನು ವೈನಿಯ ಕಡೆ ನೋಡಲಾರದೆ ನೆಲ ನೋಡಿದೆ. ಅನ್ನಿಸುತ್ತದೆ ಎಂದೆ. ಹೇಳಿದ ಮೇಲೆ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು, ಏಕೆಂದರೆ ಅವರು ಬೆಚ್ಚಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಬರೆದುಕೊಂಡರು.

"ಹಂಗಾದ್ರ ನನಗ ಹುಚ್ಚೇನ್ರಿ?" ಎಂದು ಕೇಳಿಯೇಬಿಟ್ಟೆ.

"ನಾ ಹಂಗ ಅಂದೆನೇನು? ಕಾಲು ಉಳಕಿದ್ರ ಕುಂಟ್ಕೋತ ಬರ್ತೀರಿ. ಮನಸು ಉಳಕಿದ್ರ ಯಾಕ ಬರೂದಿಲ್ಲ? ಮೈಗೆ ಬಂದಂಗ ಮನಸಿಗೂ ಬ್ಯಾನಿ ಬರ್ತೈತಿ. ಲಗೂ ಬಂದ್ರ ಲಗೂ ಗುಣ." ಆಮೇಲೆ ಲೇಖಣಿ ಎತ್ತಿ, "ಮನ್ಯಾಗ ಮತ್ತ ಯಾರಿಗರ ಹಿಂಗ ಆಗಿತ್ತೇನು?" ಎಂದರು.

"ಇಲ್ಲರಿ" ಎಂದೆ. ರೂಢಿಯ ಮಾತು, ತಾನಾಗಿಯೇ ಬಂತು. "ಅಣ್ಣ ಒಬ್ಬಾಂವ ಇದ್ದ. ಜ್ವರ ಬಂದು ತೀರಿಕೊಂಡ."

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಆಗ ಹೊಳೆಯಿತು ನನಗೆ. ನನಗಾದರೆ ಆ ಸುಳ್ಳು ಯಾರಾದರೂ ಕೇಳಿದಾಗಿನ ಮಾತು. ಅವಳಿಗೆ ಅದು ದಿನವೂ. ನೀರಿಗೆ ಹೋದಲ್ಲಿ, ಸಂತೆಗೆ ಹೋದಲ್ಲಿ, ತನ್ನ ಮಗಳ ಮುಂದೆ. ತಾನೇ ಮೊದಲು ಕಂಡು, ತಾನೇ ಬಂದು ಹೇಳಿ, ಬೈಸಿಕೊಂಡು ಹೋದದ್ದನ್ನು ಯಾರ ಹತ್ತಿರವೂ ಆಡಲಾರದೆ ಸುಮಾರು ಎರಡು ವರ್ಷ ನುಂಗಿಕೊಂಡಿದ್ದಳು, ನಾನು ಹೇಳಿದೆನೆಂದು. ನಿನ್ನ ಸಾವಿಗೆ ಅವಳು ಅತ್ತದ್ದಕ್ಕೂ ಜ್ವರದ ಹೆಸರೇ ಇತ್ತು.

"ತಪ್ಪು ಹೇಳಿದೆ ಡಾಕ್ಟರ" ಎಂದೆ. "ಜ್ವರ ಕಡೀಕ ಬಂತು. ಅದಕ್ಕಿಂತ ಆರು ತಿಂಗಳ ಮೊದಲ ನಮ್ಮಣ್ಣಗ ಇದ ಬ್ಯಾನಿ ಬಂದಿತ್ತು. ಈಕಿ ಬಂದು ನನಗ ಹೇಳಿದ್ಲು. ನಾ ಕೇಳಲಿಲ್ಲ."

ವೈನಿ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು, ಆ ಗೊತ್ತಿಲ್ಲದ ಮನುಷ್ಯನ ಎದುರು, ದನಿ ತೆಗೆದು ಅತ್ತಳು. ನನಗೂ ಅಳು ಬಂತು ಅಣ್ಣ, ನೀನು ಹೋದ ಮೇಲೆ ಮೊದಲ ಸಲ. ಡಾಕ್ಟರು ಹೊರಗೆ ಕಾಯುವವರನ್ನು ಕಾಯಲು ಬಿಟ್ಟು ಸುಮ್ಮನೆ ಕೂತರು. ಆಮೇಲೆ ನಾನು ಕೇಳಬಾರದೆಂದುಕೊಂಡಿದ್ದನ್ನು ಕೇಳಿದೆ. "ಆವತ್ತ ಕರಕೊಂಡು ಬಂದಿದ್ರ ಉಳೀತಿದ್ದನೇನ್ರಿ?"

ಅವರು ಲೇಖಣಿ ಕೆಳಗಿಟ್ಟರು. "ಖರೆ ಹೇಳಬೇಕಂದ್ರ ನನಗ ಗೊತ್ತಿಲ್ಲ. ಉಳೀತಿದ್ದ ಅಂದ್ರ ನಿಮ್ಮನ್ನ ಕೊಂದಂಗ, ಉಳೀತಿರಲಿಲ್ಲ ಅಂದ್ರ ಸುಳ್ಳು ಹೇಳಿದಂಗ. ಒಂದು ಗೊತ್ತು. ಅಂವ ಒಬ್ಬಂಟಿ ಇರ್ತಿರಲಿಲ್ಲ."

ಆ ಮೇಲಿನದು ಕೇಳು. ಅವರ ಚೀಟಿ ಹಿಡಿದು ಧಾರವಾಡಕ್ಕೆ ಹೋಗಿ ಅಲ್ಲಿಯ ದೊಡ್ಡ ಡಾಕ್ಟರನ್ನು ಕಂಡು ಬಂದೆವು. ಗುಳಿಗೆ ಕೊಟ್ಟಿದ್ದಾರೆ. ಪ್ರತಿ ಬುಧವಾರ ಇಲ್ಲಿಯ ಡಾಕ್ಟರ ಎದುರು ಕೂತು ಅರ್ಧ ತಾಸು ಮಾತನಾಡಬೇಕು. ಮೊದಲ ಬುಧವಾರಗಳು ಅಯ್ಯೋ ಅನ್ನಿಸಿದವು. ಮಾತನಾಡಲಿಕ್ಕೆ ಏನಿದೆ? ಈಗ ನಾನೇ ಮಾತು ಕೂಡಿಟ್ಟುಕೊಂಡು ಹೋಗುತ್ತೇನೆ. ಎಲ್ಲ ಗುಣವಾಯಿತು ಎಂದು ಬರೆದರೆ ನಿನಗೆ ಸುಳ್ಳು ಹೇಳಿದಂತೆ. ಕೆಲವು ಬೆಳಗುಗಳು ಈಗಲೂ ಏಳಲು ಬಿಡುವುದಿಲ್ಲ, ಕೋಣೆ ಈಗಲೂ ಒಂಟಿಯೇ. ಆದರೆ ಹೋದ ತಿಂಗಳು ಒಬ್ಬ ಹುಡುಗ ಕೂಡುವ ಲೆಕ್ಕವನ್ನು ಕಳೆದು ತಂದದ್ದಕ್ಕೆ ಹೇಗೆ ಕೂಗಿದೆನೆಂದರೆ ಹೆಡ್‌ಮಾಸ್ತರರು ಗಾಬರಿಯಾಗಿ ಓಡಿ ಬಂದರು. ನನಗೆ ಒಳಗೊಳಗೇ ನಗು. ವೈನಿಗೆ ಕಾರ್ಡು ಬರೆದು ತಿಳಿಸಿದೆ. ಈಗ ಓದಲು ಕಲಿತಿರುವ ಶಾಂತಾ ಅದನ್ನು ಓದಿ ಹೇಳಿದಳಂತೆ, ಇಬ್ಬರೂ ನಕ್ಕರಂತೆ. ಶಾಂತಾಳಿಗೂ ಎಲ್ಲ ಹೇಳಿದ್ದೇವೆ. ಅವಳು ಕೇಳಿ, "ನನಗ ಆವಾಗನ ಗೊತ್ತಿತ್ತು ಕಾಕಾ. ಕಂಡಿಕಿ ಎಣಸಿ ಇಡಾಕಿ ನಾನ ಅಲ್ಲ?" ಎಂದಳು. ಮನೆಯಲ್ಲಿ ತಿಳಿಯದವನು ನಾನೊಬ್ಬನೇ ಇದ್ದೆ ನೋಡು.

ಹೋದ ವಾರ ಸಾಲಿಗೆ ಎರಡು ದಿನ ಬಿಡುವಿತ್ತೆಂದು ಊರಿಗೆ ಹೋಗಿದ್ದೆ. ಸಂಜೆ ಕಟ್ಟೆಯ ಮೇಲೆ ನೇಕಾರರೆಲ್ಲ ಕೂತಿದ್ದರು. ಒಬ್ಬರು, "ಮಾಸ್ತರ, ಬುಧವಾರಕ್ಕೊಮ್ಮೆ ದವಾಖಾನಿಗೆ ಹೋಗ್ತೀರಂತ. ಏನ್ ಬ್ಯಾನಿರಿ?" ಎಂದರು. ಹೊಟ್ಟೆನೋವು ಎನ್ನಬಹುದಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಹೇಳಿದೆ. ನನ್ನದನ್ನೂ ಹೇಳಿದೆ, ನಿನ್ನದನ್ನೂ ಹೇಳಿದೆ, ಆ ಲಾಳಿಯ ಮಾತನ್ನೂ ಹೇಳಿದೆ. ಯಾರೋ ಎಲೆ ಅಡಿಕೆ ಉಗುಳಿ ಬರಲು ಎದ್ದರು, ಯಾರೋ ಮಳೆಯ ಮಾತು ತೆಗೆದರು. ಒಬ್ಬರೂ ನನ್ನ ಕಡೆ ನೋಡಲಿಲ್ಲ. ನಿನ್ನ ಮಾನ ಕಳೆದೆನೇ, ಶಾಂತಾಳ ಬಾಳಿಗೆ ಕಲ್ಲು ಹಾಕಿದೆನೇ ಎಂದು ಮನೆಗೆ ಬಂದು ತಲೆ ಹಿಡಿದು ಕೂತೆ. ವೈನಿ ಮಾತ್ರ, "ಹೇಳಿದಿ? ಚಲೋ ಆತು" ಎಂದು ತನ್ನ ಕೆಲಸಕ್ಕೆ ಹೋದಳು.

ಮರುದಿನ ಬೆಳಗ್ಗೆ ಬಾಗಲಕೋಟೆಯ ಬಸ್ಸಿಗೆ ನಿಂತಿದ್ದೆ. ಕೆಳಗಿನ ಓಣಿಯ ಸಂಗಪ್ಪ ಬಂದ. ನೀನು ಬಲ್ಲೆ, ಎರಡು ಮಗ್ಗದ ದೊಡ್ಡ ಕೆಲಸಗಾರ, ಎಲ್ಲರಿಗಿಂತ ಮೊದಲು ಮಗ್ಗಕ್ಕೆ ಕೂತು ಎಲ್ಲರಿಗಿಂತ ಕೊನೆಗೆ ಏಳುವವನು ಎಂದು ಹೆಸರಾದವನು. ಒಗೆದ ಧೋತರ ಉಟ್ಟಿದ್ದ, ಕೈಯಲ್ಲಿ ಏನೂ ಇರಲಿಲ್ಲ. ನನ್ನ ಪಕ್ಕದಲ್ಲಿ ನಿಂತ. ಬಸ್ಸು ಬಂತು, ನಾನು ಹತ್ತಿದೆ, ಅವನೂ ಹತ್ತಿ ನನ್ನ ಪಕ್ಕದಲ್ಲೇ ಕೂತ. ಹುನಗುಂದ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ.

"ಮಾಸ್ತರ, ಆ ಡಾಕ್ಟರು... ಇವತ್ತ ಇರ್ತಾರೇನ್ರಿ?"

"ಇರ್ತಾರ" ಎಂದೆ. "ನಾ ಸಂಗಾಟ ಬರ್ತೇನಿ."

ಅವನು ತಲೆಯಾಡಿಸಿದ. ಅವನ ಕೈ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ನಾನು ಅದರ ಮೇಲೆ ನನ್ನ ಕೈಯಿಟ್ಟೆ, ಬಾಗಲಕೋಟೆ ಬರುವವರೆಗೂ ತೆಗೆಯಲಿಲ್ಲ.

ನಿನ್ನ ತಮ್ಮ,
ಬಸ್ಯಾ